ಚೆನ್ನರಾಯಪ್ಪನ ವಿರಹಕ್ಕೆ ಪರಿಹಾರ

“ಆ ಬಸ್ಸಿನ ಸಾಹುಕಾರನ ಹತ್ರ ಪರಿಹಾರ ವಸೂಲ್ ಮಾಡ್ದೆ ಹೋದ್ರೆ ನಾನು ಚೆನ್ನರಾಯಪ್ಪನೇ ಅಲ್ಲ!”

ಕೆಂಚಾರ್ಲಹಳ್ಳಿಯ ಪಂಚಾಯ್ತಿ ಗುಮಾಸ್ತ ಚೆನ್ನರಾಯಪ್ಪ ಈ ಭೀಷ್ಮಪ್ರತಿಜ್ಞೆಯನ್ನು ಎದ್ದು ನಿಂತು ಮಾಡಲಿಲ್ಲ. ಎದ್ದು ನಿಲ್ಲುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸ್ವಂತ ಮನೆಯ ಜಗಲಿಯ ಮೇಲೆ, ಬಲಗಾಲನ್ನು ದಿಂಬಿನ ಮೇಲಿಟ್ಟುಕೊಂಡು, ಅಂಗಾತ ಮಲಗಿಯೇ ಮಾಡಿದ. ಕೇಳಿಸಿಕೊಂಡದ್ದು ಸೂರಿನ ಗುಬ್ಬಚ್ಚಿ ಮಾತ್ರ.

ನಯಾಪೈಸೆ ಹೊಸದಾಗಿ ಬಂದು ಊರಿಗೆ ಊರೇ ಚಿಲ್ಲರೆಗೆ ಜಗಳವಾಡುತ್ತಿದ್ದ ಕಾಲ ಅದು. ಮುರುಗಮಲ್ಲದಿಂದ ಬಸ್ಸಿನಲ್ಲಿ ಬಂದ ಚೆನ್ನರಾಯಪ್ಪ ಕಂಡಕ್ಟರನ ಜೊತೆ ಜಗಳವಾಡುತ್ತಲೇ ಇಳಿಯುತ್ತಿದ್ದ. ಅವನು ಇಳಿದು ಮುಗಿಸುವ ಮೊದಲೇ ಬಸ್ಸು ಹೊರಟುಬಿಟ್ಟಿತು. ಒಂದು ಕಾಲು ಕೆಂಚಾರ್ಲಹಳ್ಳಿಯಲ್ಲಿ, ಇನ್ನೊಂದು ಚಿಂತಾಮಣಿಯ ದಾರಿಯಲ್ಲಿ! ಮೊಣಕಾಲ ಕೆಳಗಿನ ಮೂಳೆ ಎಷ್ಟೆಂದು ತಾಳೀತು?

ಮುರಿದ ಕಾಲಿಗೆ ಪುತ್ತೂರು ಕಟ್ಟು ಹಾಕಿಸಿದ್ದಾಯಿತು. ಮೊಟ್ಟೆಯ ಲೋಳೆ, ಯಾವುದೋ ಸೊಪ್ಪಿನ ರಸ, ಅದರ ಮೇಲೆ ದಿನಾ ಸುರಿಯಲು ಒಂದು ಕಪ್ಪೆಣ್ಣೆ. ಆ ಎಣ್ಣೆಯ ಘಾಟಿಗೆ ಹೆದರಿ ಜಗಲಿಯ ನಾಯಿ ಎದುರುಮನೆಗೆ ವಲಸೆ ಹೋಯಿತು! ಗಾಡಿಯಲ್ಲಿ ಮಲಗಿಸಿಕೊಂಡು ಬಂದವರು ಚೆನ್ನರಾಯಪ್ಪನನ್ನು ಒಳಗೆ ಒಯ್ಯಲು ಹೊರಟರೆ, ಹೆಂಡತಿ ವೆಂಕಟರತ್ನಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

“ಅಲ್ಲೇ ಇಳಿಸಿ! ಒಳಕ್ಕೆ ತರ್ಬೇಡಿ!”

“ಕಾಲ್ ಮುರ್ದೈತೆ ಕಣೇ!” ಎಂದು ನರಳಿದ ಚೆನ್ನರಾಯಪ್ಪ.

“ಕಾಲು ಇವತ್ತಲ್ಲ ನಾಳೆ ಕೂಡ್ಕೊಳ್ಳುತ್ತೆ. ಹುಳು ಎರಡನೇ ಜ್ವರದಲ್ಲಿವೆ. ಈ ವಾಸ್ನೆ ತಾಕಿದ್ರೆ ಸೊಪ್ಪು ಮುಟ್ಟಲ್ಲ.”

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳುವಿಗಿರುವ ಮರ್ಯಾದೆ ಹೊಸ ಅಳಿಯನಿಗೂ ಇರುವುದಿಲ್ಲ. ಹುಳು ಪೊರೆ ಬಿಡಲು ಮಲಗಿದರೆ ಅದಕ್ಕೆ ಜ್ವರವೆಂದೇ ಹೆಸರು. ಜ್ವರದ ಹುಳುವಿಗೆ ಗಾಳಿ ತಾಕಬಾರದು, ಹೊಗೆ ಸೋಕಬಾರದು, ಘಾಟಂತೂ ಕೂಡದೇ ಕೂಡದು. ಮೂಳೆ ಮುರಿದ ಗಂಡನಿಗೆ ಇವೆಲ್ಲ ಧಾರಾಳವಾಗಿ ತಾಕಬಹುದು!

ಹಗಲು ಹೇಗೋ ಕಳೆಯುತ್ತಿತ್ತು. ದಾರಿಹೋಕರಿಗೆಲ್ಲ ಬಸ್ಸಿನ ಕಥೆ ಹೇಳಿದರೆ ಮಧ್ಯಾಹ್ನವಾಗುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಶುರುವಾಗುತ್ತಿತ್ತು ಅವನ ಕಷ್ಟ. ಗೋಡೆಯ ಆಚೆ ಅವಳು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಬಳೆ ಘಲ್ ಅನ್ನುತ್ತಿತ್ತು. ಆಮೇಲೆ ಹುಳುವಿನ ತಟ್ಟೆತಟ್ಟೆಗೂ ಮಾತು: “ಎದ್ರಾ ಕಂದಾ? ಹಸಿವಾಯ್ತಾ? ತಿನ್ರಪ್ಪಾ, ತಿನ್ನಿ.” ತನ್ನನ್ನು ಹೀಗೆ ಕೇಳಿ ಎಷ್ಟು ವರ್ಷವಾಯಿತೆಂದು ಅವನು ಬೆರಳು ಮಡಚಿ ಎಣಿಸುತ್ತಿದ್ದ. ತಾನೂ ಇಲ್ಲಿದ್ದೇನೆಂದು ತಿಳಿಸಲು ಕೆಮ್ಮಿದರೆ ಒಳಗಿನಿಂದ ಅಪ್ಪಣೆ ಬರುತ್ತಿತ್ತು: “ಆ ಕಡೆ ತಿರುಗಿ ಕೆಮ್ರಿ!”

ಮುದ್ದೆಯ ತಟ್ಟೆ ಬಾಗಿಲ ಸಂದಿಯಿಂದ ಜಾರಿ ಬರುತ್ತಿತ್ತು. ಅದರ ಹಿಂದೆ ಒಂದು ಕೈ ಮಾತ್ರ ಕಾಣುತ್ತಿತ್ತು. ಮುಚ್ಚುಮರೆ ಯಾಕೆ, ಚೆನ್ನರಾಯಪ್ಪನಿಗೆ ಹೆಂಡತಿ ಬೇಕಾಗಿದ್ದಳು. ಪಕ್ಕದಲ್ಲಿ ಬಂದು ಒಂದು ಗಳಿಗೆ ಕೂತು ನೋವಾ ಎಂದು ಕೇಳಿದ್ದರೆ ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಗಂಡಸು! ಅದರಲ್ಲೂ ಪಂಚಾಯ್ತಿ ಗುಮಾಸ್ತ!

ಹೀಗಿರುವಾಗ ಗಾಡಿ ಕಟ್ಟಿಸಿಕೊಂಡು, ಕಾಲು ಚಾಚಿಕೊಂಡು, ಚಿಂತಾಮಣಿಯ ವಕೀಲ ಮುನಿನಾರಾಯಣಪ್ಪನವರಲ್ಲಿಗೆ ಅವನ ದಂಡಯಾತ್ರೆ ಹೊರಟಿತು. ವಕೀಲರು ಮೂಗಿಗೆ ಕರವಸ್ತ್ರ ಹಿಡಿದು ವಿಚಾರಣೆ ನಡೆಸಿದರು.

“ಸಂಬಳ ನಿಂತ್ಹೋಯ್ತೇನಯ್ಯಾ?”

“ಇಲ್ಲ ಸ್ವಾಮಿ, ರಜಾ ಕೊಟ್ಟವ್ರೆ.”

“ಕಾಲು ಮೋಟಾಯ್ತೋ?”

“ಇಲ್ಲ, ಮೊದಲಿನ ಹಂಗೇ ಆಗುತ್ತೆ ಅಂದವ್ರೆ.”

“ಬೆಳೆ ಏನಾದ್ರೂ ಹಾಳಾಯ್ತೋ?”

“ಇಲ್ಲ, ಹೆಂಡ್ತಿ ನೋಡ್ಕೊಳ್ತಾಳೆ.”

“ಮತ್ತೆ ನಿಂಗೆ ಆಗಿರೋ ನಷ್ಟ ಏನಯ್ಯಾ?”

ಚೆನ್ನರಾಯಪ್ಪನ ಬಾಯಿಂದ ಕಟ್ಟೆ ಒಡೆದ ಹಾಗೆ ಹೊರಬಂತು: “ಅವಳು ಹತ್ರಾನೇ ಬರಲ್ಲ ಸ್ವಾಮಿ! ಬಳೆ ಸದ್ದು ಕೇಳ್ಕೊಂಡು ಬಿದ್ದಿರ್ತೀನಿ!”

“ಸಿಕ್ಕಿತು!” ಎಂದು ವಕೀಲರು ಮೇಜು ಕುಟ್ಟಿದರು. ಕರವಸ್ತ್ರ ಕೆಳಗೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. “ದಾಂಪತ್ಯ ಸುಖದ ನಷ್ಟ! ಇದಕ್ಕೆ ಪರಿಹಾರ ಉಂಟು! ಈಗಲೇ ನೋಟೀಸು ಕೊಡೋಣ!”

ನೋಟೀಸು ಹೋದ ವಾರದಲ್ಲೇ ಸಾಹುಕಾರರ ಕಡೆಯ ಏಜೆಂಟ್ ಆವಲಪ್ಪ ಸೈಕಲ್ ಮೇಲೆ ಬಂದಿಳಿದ. ಕಾಲು ನೋಡಿದ, ಮೂಗು ಮುಚ್ಚಿಕೊಂಡ, ತಲೆಯಾಡಿಸಿದ.

“ಕಾಲಿನ ವಿಚಾರ ಒಪ್ತೀವಿ. ಎಣ್ಣೆ ಖರ್ಚು ನಮ್ದು. ಇನ್ನೊಂದು ವಿಚಾರ ಮನೇವರನ್ನೇ ಕೇಳ್ಬೇಕು. ಏಮಮ್ಮಾ, ಸ್ವಲ್ಪ ಹೊರಗೆ ಬರ್ತೀರಾ?”

ನೋಟೀಸು ಮನೆಯ ತನಕ ಬಂದೀತು ಎಂದು ಚೆನ್ನರಾಯಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. “ಅದೆಲ್ಲ ಗಂಡಸರ ವ್ಯವಹಾರ! ಅವಳಿಗ್ಯಾಕೆ?” ಎಂದು ಕೂಗಿಕೊಂಡ. ಅಷ್ಟರಲ್ಲಿ ವೆಂಕಟರತ್ನಮ್ಮ ಸೊಪ್ಪಿನ ಮಂಕರಿ ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು. ಆವಲಪ್ಪ ಜೇಬಿನಿಂದ ನೋಟೀಸು ತೆಗೆದು ಓದಿದ:

“ನಮ್ಮ ಕಕ್ಷಿದಾರರು ಸದರಿ ಅಪಘಾತದ ದೆಸೆಯಿಂದ ಧರ್ಮಪತ್ನಿಯ ಸಾಹಚರ್ಯದಿಂದ ವಂಚಿತರಾಗಿ, ಹಗಲಿರುಳೂ ಆಕೆಯ ಬಳೆಯ ಸದ್ದಿಗೆ ಕಿವಿಗೊಟ್ಟು, ನಿಟ್ಟುಸಿರು ಬಿಡುತ್ತಾ ಮಲಗಿರುತ್ತಾರೆ.”

ಚೆನ್ನರಾಯಪ್ಪ ಕಂಬಳಿ ಎಳೆದು ಮುಖ ಮುಚ್ಚಿಕೊಂಡ. ಹಾಗೆ ಮುಚ್ಚಿಕೊಂಡ ಮೇಲೆ ಎಣ್ಣೆಯ ಘಾಟು ಅವನಿಗೇ ತಡೆಯದಾಯಿತು.

“ಇನ್ನೊಂದ್ಸಲ ಓದಿ,” ಎಂದಳು ವೆಂಕಟರತ್ನಮ್ಮ.

ಓದಿದ.

“ಆ ಬಳೆದು ಮಾತ್ರ ಇನ್ನೊಂದ್ಸಲ.”

ಅದನ್ನೂ ಓದಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ನೆಲ ನೋಡಿದಳು.

“ನಿಜಾನೇನಮ್ಮಾ? ನಮ್ಮ ಬಸ್ಸಿನ ದೆಸೆಯಿಂದ ನೀವು ಹತ್ರ ಹೋಗ್ತಿಲ್ವಾ? ಹೂಂ ಅಂದ್ರೆ ಸಾಹುಕಾರ್ರು ಏನಾದ್ರೂ ಕೊಡ್ತಾರೆ.”

ಕಂಬಳಿಯೊಳಗೆ ಚೆನ್ನರಾಯಪ್ಪ ಉಸಿರು ಬಿಗಿಹಿಡಿದ. ಹೂಂ ಅನ್ನೇ, ಹೂಂ ಅನ್ನೇ!

“ಬಸ್ಸಿಗೂ ಇದಕ್ಕೂ ಏನ್ ಸಂಬಂಧ?” ಎಂದಳು ಆ ಸತ್ಯವಂತೆ. “ಕಾಲು ನೆಟ್ಟಗಿದ್ದಾಗ್ಲೂ ಹುಳ ಇಟ್ರೆ ಇವರು ಜಗಲೀಲೇ ಮಲಗೋದು. ಬೀಡಿ ವಾಸ್ನೆ. ಮದುವೆಯಾದ ವರ್ಷದಿಂದ್ಲೂ ಹಿಂಗೇ.”

ಈ ಒಂದು ಸಣ್ಣ ವಿಚಾರವನ್ನು ನಮ್ಮ ಚೆನ್ನರಾಯಪ್ಪ ವಕೀಲರಿಗೆ ತಿಳಿಸಿರಲಿಲ್ಲ. ಆವಲಪ್ಪ ನೋಟೀಸನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದ.

“ಹಂಗಾದ್ರೆ ಈ ವಿರಹ ನಮ್ಮ ಬಸ್ಸು ಹುಟ್ಟೋಕೆ ಮುಂಚಿಂದು! ಪರಿಹಾರ ಬೇಕಿದ್ರೆ ಹುಳೂಗೆ ನೋಟೀಸ್ ಕೊಡಪ್ಪಾ!” ಎಂದು ನಗುತ್ತಾ ಸೈಕಲ್ ಹತ್ತಿದ.

ಸೈಕಲ್ ಬೀದಿ ದಾಟಿ ಮರೆಯಾಯಿತು. ಕಂಬಳಿ ಕದಲಲಿಲ್ಲ.

“ಬಸ್ಸಿನೋರ್ಗೆಲ್ಲ ಬರೆದು ಕಳಿಸ್ತೀರಾ. ನಂಗೊಂದ್ ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಒಳಕ್ಕೆ ಬಿಡ್ತಿದ್ಯಾ?” ಎಂದಿತು ಕಂಬಳಿ.

“ಇಲ್ಲ. ಆದ್ರೂ ಹೇಳ್ಬೌದಿತ್ತು.”

ಅವಳು ಒಳಗೆ ಹೋದಳು. ಎಲ್ಲ ಮುಗಿಯಿತು ಎಂದುಕೊಂಡ ಚೆನ್ನರಾಯಪ್ಪ. ಆದರೆ ಬಳೆಯ ಸದ್ದು ಮತ್ತೆ ಬಾಗಿಲಿಗೆ ಬಂತು, ಬಾಗಿಲು ದಾಟಿತು, ಜಗಲಿ ಹತ್ತಿತು! ಕಂಬಳಿ ಸರಿಸಿ ನೋಡಿದರೆ ವೆಂಕಟರತ್ನಮ್ಮ ಪಕ್ಕದಲ್ಲೇ ಕೂತಿದ್ದಳು, ಒಂದು ಚೆಂಬು ಬಿಸಿನೀರು, ಒಂದು ಹಿಡಿ ಸೀಗೆಪುಡಿ ಇಟ್ಟುಕೊಂಡು.

“ಕೈ ಕೊಡಿ.”

ಕೊಟ್ಟ. ಅವಳು ಒಂದೊಂದೇ ಬೆರಳನ್ನು ಹಿಡಿದು ತಿಕ್ಕಿ ತಿಕ್ಕಿ ತೊಳೆದಳು. “ನೋವಾ?” ಎಂದೂ ಕೇಳಿದಳು. ಚೆನ್ನರಾಯಪ್ಪನ ಕಣ್ಣು ಮಂಜಾಯಿತು. ಯಾವ ಕೋರ್ಟು ಕೊಟ್ಟೀತು ಇಂಥ ಪರಿಹಾರ! ಸಾಹುಕಾರನ ಸಾಲುಸಾಲು ಬಸ್ಸುಗಳೂ ಆ ಗಳಿಗೆಯಲ್ಲಿ ಅವನಿಗೆ ತೃಣಸಮಾನವಾದವು. ಅವಳು ಅವನ ಎರಡೂ ಅಂಗೈಗಳನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡಳು. ಮೆಲ್ಲಗೆ ಕಣ್ಣು ಮುಚ್ಚಿದಳು. ಜೋರಾಗಿ ಮೂಸಿದಳು.

“ಹೂಂ, ವಾಸ್ನೆ ಹೋಯ್ತು,” ಎಂದು ಸೊಪ್ಪಿನ ಮಂಕರಿಯನ್ನೂ ಕುಡುಗೋಲನ್ನೂ ಅವನ ಮುಂದಿಟ್ಟಳು. “ಸಣ್ಣಗೆ ಹೆಚ್ಚಿ. ನಂಗೊಬ್ಬಳಿಗೇ ಆಗ್ತಿರ್ಲಿಲ್ಲ.”

“ಹಂಗಾದ್ರೆ ನಾನು ಒಳಗೆ…?”

“ಕೈ ಎರಡೂ ಬಾಗಿಲ ತನಕ ಬರ್ಬೌದು,” ಎಂದಳು ಅವಳು ಏಳುತ್ತಾ. “ಮಿಕ್ಕಿದ್ದು ಹುಳ ಗೂಡು ಕಟ್ಟೋವರ್ಗೂ ಅಲ್ಲೇ ಇರ್ಲಿ!”