ಶಾಬ್ಲಿಯ ಬಾಟಲಿ, ಮಾವನ ಬೆಳ್ಳಿ ಲೋಟ

ಗಿರೀಶ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಆದರೂ ಆ ಶನಿವಾರ ಬೆಳಗ್ಗೆ ಪರದೇಶದ ಮಾರ್ಕಮ್ ಎಂಬ ಊರಿನಲ್ಲಿ ತನ್ನ ಮನೆಯ ಮುಂದೆ ಒಂದು ಕೈಯಲ್ಲಿ ವೈನ್ ಬಾಟಲಿ, ಇನ್ನೊಂದರಲ್ಲಿ ಕಲ್ಲು ಹಿಡಿದು ಮೈಮರೆತು ನಿಂತಿದ್ದ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಕಟ್ಟಡ ಏಳುವ ಮುಂಚೆ ನೆಲ ಕೊರೆದು ಮಣ್ಣು ಪರೀಕ್ಷಿಸುವುದು ಅವನ ಉದ್ಯೋಗ. ಆಫೀಸಿನ ಒಡೀಲ್ ಫ್ರಾನ್ಸಿನ ಶಾಬ್ಲಿಯವಳು. ರಜೆಗೆ ಊರಿಗೆ ಹೋಗಿ ಬಂದವಳು ತಮ್ಮ ಮನೆಯಲ್ಲೇ ಮಾಡಿದ ಬಿಳಿ ವೈನನ್ನೂ ದ್ರಾಕ್ಷಿತೋಟದ ಒಂದು ಕಲ್ಲನ್ನೂ ಕೊಟ್ಟಿದ್ದಳು. ಗಿರೀಶನ ಪ್ರಾಣವೆಲ್ಲ ಕಲ್ಲಿನ ಮೇಲೆ. ಅದರ ತುಂಬ ಉಗುರಿನಷ್ಟು ಚಿಕ್ಕ ಚಿಪ್ಪುಗಳಿದ್ದವು.

"ಏನ್ ಗಿರೀಶ್ ಅವ್ರೇ, ಬೆಳಬೆಳಗ್ಗೇನೇ?" ಎಂದರು ಪಕ್ಕದ ಮನೆಯ ಚಂದ್ರಮೋಹನ.

"ಅಯ್ಯೋ ಇಲ್ಲ ಸಾರ್, ನಂದೇನಿದ್ರೂ ಸಾಯಿಲ್ ಇಂಟರೆಸ್ಟು!"

ಮಣ್ಣು ನೋಡಿ ವೈನ್ ಅಳೆಯುವವನು ಸಾಮಾನ್ಯನಲ್ಲ ಎಂದು ಚಂದ್ರಮೋಹನ ತೀರ್ಮಾನಿಸಿದರು. ಗಂಟೆಯೊಳಗೆ ಬಡಾವಣೆಯ ಕನ್ನಡಿಗರ ವಾಟ್ಸಾಪಿನಲ್ಲಿ ಅವರ ಆಮಂತ್ರಣ ಬಂತು: ಮೂರು ಗಂಟೆಗೆ ಗಿರೀಶರ ಹಿತ್ತಲಲ್ಲಿ ವೈನ್ ಟೇಸ್ಟಿಂಗ್.

ಹೆಂಡತಿ ಜಯಲಕ್ಷ್ಮಿ ಫೋನ್ ಹಿಡಿದು ಓಡಿ ಬಂದಳು. "ರೀ, ಅಪ್ಪ ಮನೇಲಿರುವಾಗ ಇದೇನ್ರೀ?"

ಗಿರೀಶ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದ. ಮಾವ ರಾಮಮೂರ್ತಿ ಮೈಸೂರಿನ ನಿವೃತ್ತ ಹೆಡ್‌ಮಾಸ್ಟರು. ಹದಿನೈದು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕುಡಿಯೋ ಅಭ್ಯಾಸ ಏನಾದ್ರೂ ಇದೆಯೋ?" ಖಂಡಿತಾ ಇಲ್ಲ ಎಂದ ಆ ಉತ್ತರದ ಮೇಲೆಯೇ ತನ್ನ ಸಂಸಾರ ನಿಂತಿದೆ ಎಂದು ಗಿರೀಶ ನಂಬಿದ್ದ.

"ಮೊದ್ಲು ಅದನ್ನ ಗರಾಜಲ್ಲಿ ಬಚ್ಚಿಡಿ. ಅಪ್ಪಂಗೆ ಹಾಲು ಕೊಡೋಣ ಅಂದ್ರೆ ಅವರ ಬೆಳ್ಳಿ ಲೋಟ ಬೇರೆ ಕಾಣ್ತಿಲ್ಲ. ಈಗ ತಾನೇ ತೊಳೆದಿಟ್ಟಿದ್ದೆ," ಎಂದು ಗೊಣಗುತ್ತ ಅವಳು ಒಳಗೆ ಹೋದಳು.

ಬಾಟಲಿ ಚಳಿಗಾಲದ ಟೈರುಗಳ ಹಿಂದೆ ಸೇರಿತು. ಮೂರಕ್ಕೆ ಸರಿಯಾಗಿ ಎಂಟು ಜನ ಗ್ಲಾಸು, ಚೀಸುಗಳ ಸಮೇತ ಬಂದಿಳಿದರು. "ಬಾಟ್ಲಿ ಇಲ್ಲ, ಖಾಲಿ," ಎಂದು ಗಿರೀಶ ತೊದಲಿದ. "ಪರವಾಗಿಲ್ಲ, ಕೂತು ಮಾತಾಡೋಣ," ಎಂದು ಕುರ್ಚಿ ತರಲು ಗರಾಜಿಗೆ ನುಗ್ಗಿದ ಚಂದ್ರಮೋಹನ ಬಾಟಲಿಯೊಂದಿಗೇ ಹೊರಬಂದು, ಬಿರಡೆಯನ್ನೂ ಕಿತ್ತರು. "ಈಗ ಎರಡು ಮಾತು ಹೇಳಿ!"

ಗಿರೀಶ ಆಗುವುದಿಲ್ಲ ಎನ್ನಬೇಕೆಂದಿದ್ದ. ಆದರೆ ಕಲ್ಲು ಜೇಬಿನಲ್ಲಿತ್ತು, ಕೈ ಅದನ್ನು ಹೊರತೆಗೆದೇಬಿಟ್ಟಿತು.

"ಹದಿನೈದು ಕೋಟಿ ವರ್ಷದ ಹಿಂದೆ ಶಾಬ್ಲೀಲಿ ಸಮುದ್ರ ಇತ್ತು ಕಣ್ರೀ. ಇವೆಲ್ಲ ಆಯ್ಸ್ಟರ್ ಚಿಪ್ಪು. ಸುಣ್ಣದ ನೆಲ, ಬಳ್ಳಿಗೆ ಸುಖ ಇಲ್ಲ, ಕಷ್ಟಪಟ್ಟು ಬೇರಿಳಿಸ್ಬೇಕು. ಅದಕ್ಕೇ ಆ ವೈನು ಅಷ್ಟು ಕ್ಲೀನ್ ಅಂತೆ, ಮಳೇಲಿ ತೊಯ್ದ ಕಲ್ಲಿನ ಘಮ ಅಂತೆ. ಒಡೀಲ್ ಮನೆಯವರು ಐದು ತಲೆಮಾರಿಂದ ಅದೇ ಇಳಿಜಾರಲ್ಲಿದಾರೆ. ಚಿಗುರೊಡೆಯೋ ಕಾಲದಲ್ಲಿ ಹಿಮ ಬಿದ್ರೆ, ಮನೆಮಂದಿಯೆಲ್ಲ ಸಾಲುಸಾಲಿಗೂ ಕ್ಯಾಂಡಲ್ ಹಚ್ಚಿ ಬಳ್ಳಿ ಕಾಯ್ತಾರೆ. ಎಂಬತ್ತು ವರ್ಷದ ಅಜ್ಜೀನೂ ಕೂತಿರ್ತಾರಂತೆ!"

ಚೀಸು ತಿನ್ನುತ್ತಿದ್ದವರ ಬಾಯಿ ನಿಂತಿತು. ಒಂದು ಬಳ್ಳಿಯನ್ನು ಮಗುವಿನಂತೆ ಕಾಯುವ ಆ ಮನೆಯವರ ಮೇಲೆ ಯಾರಿಗಾದರೂ ಗೌರವ ಉಕ್ಕಿ ಬರಬೇಕಾದ್ದೇ.

ಆಗ ಗಿರೀಶನ ಕಣ್ಣು ಅಡುಗೆಮನೆ ಬಾಗಿಲಿಗೆ ಹೋಯಿತು. ಮಾವ ನಿಂತಿದ್ದರು. ಬಲಗೈ ಶಾಲಿನೊಳಗಿತ್ತು, ನೋಟ ಬಾಟಲಿಯ ಮೇಲೆ ನೆಟ್ಟಿತ್ತು. ಗಿರೀಶ ದಡಬಡನೆ ಮುನ್ನುಗ್ಗಿದ. ಚಂದ್ರಮೋಹನರ ಕೈಯಿಂದ ಬಾಟಲಿ ಕಿತ್ತುಕೊಂಡು, ಟೊಮ್ಯಾಟೊ ಪಾತಿಗೆ ಗಳಗಳನೆ ಸುರಿದುಬಿಟ್ಟ.

"ಮಾವ, ನಿಮ್ಮಾಣೆಗೂ ನಾನು ಇವತ್ತಿನವರೆಗೆ ಒಂದು ತೊಟ್ಟು ಮುಟ್ಟಿಲ್ಲ!"

ರಾಮಮೂರ್ತಿ ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಬಗ್ಗಿ ಒದ್ದೆ ಮಣ್ಣನ್ನು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಆಮೇಲೆ ಶಾಲಿನೊಳಗಿನ ಕೈ ಹೊರಗೆ ಬಂತು. ಅದರಲ್ಲಿ ಬೆಳ್ಳಿ ಲೋಟವಿತ್ತು.

"ಅವತ್ತು ನಾನು ಯಾಕೆ ಕೇಳಿದೆ ಅಂದ್ಕೊಂಡ್ರಿ ಅಳಿಯಂದ್ರೇ? ಅಳಿಯನಾದ್ರೂ ಜೊತೆಗೆ ಸಿಗ್ತಾನೇನೋ ಅಂತ ಆಸೆ ಇತ್ತು. ನೀವು ಖಂಡಿತಾ ಇಲ್ಲ ಅಂದ್ರಿ. ನಿಮ್ಮೆದುರು ಮರ್ಯಾದೆ ಹೋಗುತ್ತಲ್ಲ ಅಂತ ಅವತ್ತಿಂದ ನಾನೂ ಬಾಯಿ ಕಟ್ಕೊಂಡಿದೀನಿ."

ಗಿರೀಶ ಕೈಯಲ್ಲಿದ್ದ ಬಾಟಲಿಯನ್ನು ಬಗ್ಗಿಸಿ ನೋಡಿದ; ಒಂದು ತೊಟ್ಟೂ ಬೀಳಲಿಲ್ಲ. ಮಾವ ಲೋಟವನ್ನು ಅವನ ಇನ್ನೊಂದು ಕೈಗಿಟ್ಟರು.

"ಹೋಗಿ, ಹಾಲು ತಗೊಂಬನ್ನಿ."