ಕಾಕಾನ ಎದುರು ನಗಬಾರದು

ನಮ್ಮ ಕಾಕಾನ ಎದುರು ಮನೆಯವರು ಯಾರೂ ನಗುತ್ತಿರಲಿಲ್ಲ. ಆತ ಸಿಡುಕನೇ? ಛೇ, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ! ಆದರೆ ನೀವು ನಕ್ಕಿರೋ, ಬಾಯಿ ತೆರೆಯಿತು. ಬಾಯಿ ತೆರೆಯಿತೋ, ಕಾಕಾನ ಕೋಟಿನ ಕಿಸೆಯಿಂದ ಅಂಗೈಯಗಲದ ಕನ್ನಡಿ ಹೊರಬಂತು. ಅದರಿಂದ ಅಂಗಳದ ಬಿಸಿಲನ್ನು ನಿಮ್ಮ ದವಡೆಗೆ ಹಾಯಿಸಿ, "ಹಂಗ ಇರು, ಮುಚ್ಚಬ್ಯಾಡ. ಆ ಹಿಂದಿನ ಹಲ್ಲಿನ ಮ್ಯಾಲೆ ನನಗ ಸಂಶೇ ಐತಿ" ಎನ್ನುತ್ತಿದ್ದ. ಆಮೇಲೆ ಎಲ್ಲಿಯ ನಗು? ತಾನೂ ನಗುತ್ತಿರಲಿಲ್ಲ, ಇನ್ನೊಬ್ಬರನ್ನೂ ನಗಗೊಡುತ್ತಿರಲಿಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಜ್ವರ ಬಂದು ತೀರಿಕೊಂಡಳೆಂದು ನಮಗೆ ಹೇಳಿದ್ದರು. ಆಮೇಲೆ ಕಾಕಾ ನಮ್ಮ ಮನೆಗೇ ಬಂದಿದ್ದ, ಬಾಯಿಗಳ ಸಂಶೋಧನೆಯೂ ಆಗಿನಿಂದಲೇ ಶುರುವಾಗಿತ್ತು. ಮಕ್ಕಳಿಲ್ಲದ ಮನುಷ್ಯ, ಹೊತ್ತು ಹೋಗಬೇಕಲ್ಲ ಎಂದು ನಾವೂ ಸುಮ್ಮನಿದ್ದೆವು. ಬಂಧುಬಳಗದ ಬಾಯಿಗಳ ಜಾತಕವನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದ. ಅದರಲ್ಲಿ ಖಾಲಿ ಉಳಿದ ಪುಟ ಒಂದೇ, ನಮ್ಮ ಅವ್ವನದು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುವವಳು. ಮೈದುನನ ಎದುರು ಬಾಯಿ ತೆರೆಯುವುದುಂಟೇ? ಕಾಕಾನಿಗೋ ಜಗತ್ತಿನಲ್ಲಿ ಯಾವುದರ ಮೇಲೂ ಇಲ್ಲದಷ್ಟು ಸಂಶಯ ಆ ಸೆರಗಿನ ಮೇಲೆ.

"ವೈನಿ, ಸೆರಗಿನ ಹಿಂದ ಏನೈತಿ?" ಎಂದು ದಿನಕ್ಕೊಮ್ಮೆ ಕೇಳುವನು.

"ನನ್ನ ಬಾಯಿ ಐತ್ರಿ, ಮತ್ತೇನಿರತೈತಿ!" ಎಂದು ಅವ್ವ ಒಳಗೆ ಹೋಗುವಳು.

ಅಣ್ಣನಿಗೆ ಹೆಣ್ಣು ನೋಡಲು ಅಮ್ಮಿನಬಾವಿಗೆ ಹೋದಾಗ ಕಾಕಾನನ್ನೂ ಕರೆದೊಯ್ದದ್ದು ನಮ್ಮ ತಪ್ಪು. ಎಲ್ಲರೂ ಹುಡುಗಿಗೆ ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರೆ ಈತ ಕನ್ನಡಿ ತೆಗೆದು, "ಬಾಯಿ ತೆಗಿಯವಾ ತಂಗಿ" ಎಂದುಬಿಟ್ಟ. ಹುಡುಗಿಯ ಅಜ್ಜ ಕೆಂಡವಾದ. "ಹೆಣ್ಣ ನೋಡಾಕ ಬಂದೀರೋ, ಎತ್ತ ಕೊಳ್ಳಾಕ ಬಂದೀರೋ?" ಎಂದು ಗುಡುಗಿದ. ಗುಡುಗುವಾಗ ಬಾಯಿ ತೆರೆಯದೆ ಇರುತ್ತದೆಯೇ! "ಅಜ್ಜಾರ, ನಿಮ್ಮ ಎಡಗಡೆ ದವಡಿ ಹಲ್ಲು ಅಳ್ಳಾಡಾಕತ್ತೇತಿ, ಹುಷಾರ್ರಿ" ಎಂದ ಕಾಕಾ. ಹುಡುಗಿ ನಮ್ಮ ಮನೆಗೆ ಬರಲಿಲ್ಲ. ಮುಂದಿನ ವಾರ ಅಜ್ಜ ಮಾತ್ರ ಗಲ್ಲಕ್ಕೆ ಅರಿವೆ ಕಟ್ಟಿಕೊಂಡು ಬಂದ.

ಹಲ್ಲುಪುಡಿಗಳದು ಇನ್ನೊಂದು ಕಥೆ. ಇದ್ದಿಲು, ಲವಂಗ, ಉಪ್ಪು, ಜಾಲಿ ತೊಗಟೆ ಎಲ್ಲ ಕುಟ್ಟಿ, ಮೊದಲು ತಾನು ತಿಕ್ಕಿ, ಆಮೇಲೆ ನಮಗೆ ಹಂಚುತ್ತಿದ್ದ. ಅಳಲೆಕಾಯಿಗೆ ಹೀರಾಕಸಿ ಕೂಡಿಸಿದರೆ ಶಾಯಿ ಆಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ಮಾಸ್ತರನೇ ಅವೆರಡನ್ನೂ ಕೂಡಿಸಿ ಒಂದು ಪುಡಿ ಮಾಡಿದ! ಅದರಿಂದ ಹಲ್ಲು ತಿಕ್ಕಿದ ಅಪ್ಪನ ಬಾಯಿ ಶಾಯಿಯ ದೌತಿಯಾಯಿತು. ಕಚೇರಿಯಲ್ಲಿ ಮೂರು ದಿನ ತುಟಿ ಬಿಚ್ಚಲಿಲ್ಲ. ನಾಲ್ಕನೆಯ ದಿನ ಸಾಹೇಬರು ಎಲ್ಲರ ಎದುರು, "ಎದುರು ಮಾತಾಡದ ನೌಕರ ಅಂದರೆ ಇವರು" ಎಂದು ಹೊಗಳಿದರಂತೆ.

ಅಜ್ಜಿಗೆ ಹುಬ್ಬಳ್ಳಿಯಲ್ಲಿ ಕಟ್ಟುಹಲ್ಲು ಮಾಡಿಸಿದೆವು. ಕೆಂಪು ರಬ್ಬರಿನ ವಸಡು, ಪಿಂಗಾಣಿ ಹಲ್ಲು. ಕಾಕಾ ಅದನ್ನು ಅಜ್ಜಿಗೆ ಮುಟ್ಟಗೊಡಲಿಲ್ಲ. ರಬ್ಬರು ಮೋಟಾರಿನ ಗಾಲಿಯದೋ ಏನೋ ಯಾರಿಗೆ ಗೊತ್ತು? ಹುಣಸೆಹುಳಿ, ಲಿಂಬೆರಸ, ಬಿಸಿ ಚಹಾ, ಒಂದೊಂದರಲ್ಲಿ ವಾರಗಟ್ಟಲೆ ನೆನೆಹಾಕಿ ತೂಗಿ ನೋಡಿದ. "ಹಲ್ಲಿಗೆ ದಿನಾ ಚಾ ಸಿಗಾಕತ್ತೇತಿ, ನನಗ ಬರೇ ಅಂಬಲಿ!" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಅತ್ತಳು.

ಆದರೆ ಕಾಕಾನ ದೊಡ್ಡ ವೈರಿ ಮಿಸ್ರಿ. ಹೊಗೆಸೊಪ್ಪನ್ನು ಕರ್ರಗೆ ಹುರಿದು ಮಾಡಿದ ಪುಡಿ ಅದು. ಹಲ್ಲಿಗೆ ಒಳ್ಳೆಯದೆಂದು ಶುರುಮಾಡುವುದು, ಆಮೇಲೆ ಬಿಡಲಾಗದು. ಓಣಿಯ ಹೆಂಗಸರೆಲ್ಲ ಹಿತ್ತಲಲ್ಲಿ ತಿಕ್ಕುವವರೇ, ಕೇಳಿದರೆ ಯಾರೂ ಅಲ್ಲ! ಅವ್ವನ ಡಬ್ಬಿ ಜೋಳದ ಗಡಿಗೆಯಲ್ಲಿ ಹುಗಿದಿರುತ್ತಿತ್ತು. ಕಾಕಾ ಎಸೆಯುವನು, ಎಂಟು ದಿನಕ್ಕೆ ಬೇರೆ ಡಬ್ಬಿ ಬರುವುದು.

ಒಂದು ಶ್ರಾವಣದಲ್ಲಿ ಕಾಕಾ ರಂಜಕದ ಭರಣಿಯ ಮುಚ್ಚಳ ತೆಗೆದು ನೋಡಿದ. ಆ ಕೆಂಪು ಮೆಣಸಿನಕಾಯಿಯ ಚಟ್ನಿ ಅವ್ವನ ಪ್ರಾಣ. ಆದರೂ ಭರಣಿ ತುಂಬಿದ ಹಾಗೇ ಇತ್ತು.

"ವೈನಿ, ರಂಜಕಾ ಯಾಕ ಬಿಟ್ರಿ?"

"ಉಷ್ಣ ಆಗೇತ್ರಿ. ಬಾಯಾಗ ಸಣ್ಣ ಹುಣ್ಣು."

"ಎಂದಿನಿಂದ?"

"ಏನೋ, ಹೋಳಿಹುಣ್ಣಿವಿ ಮುಂದ ಆಗಿದ್ದು."

ಹೋಳಿಯೆಲ್ಲಿ, ಶ್ರಾವಣವೆಲ್ಲಿ! ಕಾಕಾನ ಮುಖ ಸುಣ್ಣದಂತಾಯಿತು. ಆಗ ದೇಶದ ತುಂಬ ಸತ್ಯಾಗ್ರಹದ ಗಾಳಿ. ಈತ ಕನ್ನಡಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟ. "ವೈನಿ ಬಾಯಿ ತೋರಸೂ ತನಕಾ ನನಗ ಊಟಾ ಬ್ಯಾಡ" ಎಂದ.

"ಮಂದಿ ಏನಂದಾರು? ಏಳೋ" ಎಂದು ಅಪ್ಪ ಬೈದ. "ಸರಕಾರದ ಕೂಡ ಮಾಡೂದು ಬಿಟ್ಟು ವೈನಿ ಕೂಡ ಸತ್ಯಾಗ್ರಹ ಮಾಡಾಕತ್ತಾನ ನೋಡ್ರಿ!" ಎಂದಳು ಅಜ್ಜಿ. ನಾವೆಲ್ಲ ಒಳಗೊಳಗೇ ನಕ್ಕೆವು, ಬಾಯಿ ಮುಚ್ಚಿಕೊಂಡೇ.

ಮರುದಿನ ಮಧ್ಯಾಹ್ನ ಅವ್ವ ತಾಟು ತಂದು ಎದುರಿಗಿಟ್ಟಳು. "ನಿನ್ನಿಯಿಂದ ಹಸದೀರಿ. ನನ್ನ ಸಲುವಾಗಿ ಯಾಕ ಈ ಹಟಾ? ಉಣ್ರಿ."

ಕಾಕಾ ತಲೆ ಎತ್ತಲಿಲ್ಲ. "ಆಕೀನೂ ಹಿಂಗ ಸೆರಗ ಹಿಡೀತಿದ್ದಳ್ರಿ ವೈನಿ. ನಾ ನಾಚಿಕಿ ಅಂತ ತಿಳಕೊಂಡಿದ್ದೆ. ನನ್ನ ಹೇಣ್ತಿ ಎಷ್ಟ ಛಂದ ನಾಚಕೋತಾಳ ಅಂತ ಹಿಗ್ಗತಿದ್ದೆ. ಸೆರಗ ಸರಿಸಿ ನೋಡೂದ್ರಾಗ ಮಿಸ್ರಿ ಹುಣ್ಣಿಗೆ ಗಲ್ಲಕ್ಕ ತೂತ ಬಿದ್ದಿತ್ತು."

ಚಿಗವ್ವ ಜ್ವರದಿಂದ ಹೋಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅಪ್ಪ ಎದ್ದು ಹೊರಗೆ ನಡೆದ. ಅವ್ವ ಬಿಸಿಲಿಗೆ ಬಂದು ಕೂತು ಸೆರಗು ಬಿಟ್ಟಳು.

ಕಾಕಾ ನೋಡಿದ. ವಹಿಯಲ್ಲಿ ಏನೂ ಬರೆಯಲಿಲ್ಲ. ಮರುದಿನ ಬೆಳಗಿನ ರೈಲಿಗೆ ಇಬ್ಬರನ್ನೂ ಹುಬ್ಬಳ್ಳಿಯ ದವಾಖಾನೆಗೆ ಎಳೆದೊಯ್ದ, ಅವ್ವನನ್ನೂ ಅಪ್ಪನನ್ನೂ. ಡಾಕ್ಟರರು ಗಲ್ಲದ ಒಳಗೆ ಗಂಟಾಗಿದ್ದ ಆ ಹುಣ್ಣನ್ನು ಕೊಯ್ದು ತೆಗೆದರು. "ಇನ್ನಷ್ಟು ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ" ಎಂದರಂತೆ. ಊರಿಗೆ ಬಂದ ದಿನವೇ ಅವ್ವ ಜೋಳದ ಗಡಿಗೆಗೆ ಕೈಹಾಕಿ, ಡಬ್ಬಿಯನ್ನು ತಾನೇ ತಿಪ್ಪೆಗೆ ಎಸೆದು ಬಂದಳು.

ಮುಂದಿನ ಯುಗಾದಿಯ ದಿನ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಅಪ್ಪ ತನ್ನ ಶಾಯಿಹಲ್ಲಿನ ಕಥೆಯನ್ನು ಸಾಹೇಬರ ಧಾಟಿಯಲ್ಲೇ ಹೇಳಿದ. ಅವ್ವನಿಗೆ ತಡೆಯಲಾಗಲಿಲ್ಲ. ಸೆರಗಿನ ನೆನಪೂ ಇಲ್ಲದೆ, ಕತ್ತು ಹಿಂದಕ್ಕೆ ಹಾಕಿ, ಕೊನೆಯ ದವಡೆ ಕಾಣುವಂತೆ ನಕ್ಕಳು. ನಾವೆಲ್ಲ ಕಾಕಾನ ಕಡೆ ನೋಡಿದೆವು. ಕನ್ನಡಿ ಈಗ ಬಂತು, ಈಗ ಬಂತು!

ಬರಲಿಲ್ಲ. ಕಾಕಾ ಧೋತರದ ಚುಂಗನ್ನು ಬಾಯಿಗೆ ಒತ್ತಿ ಹಿಡಿದಿದ್ದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಂದೇ ನಾನು ತಿಳಿದೆ. ಅವ್ವ ಎದ್ದು ಅವನ ಎದುರಿಗೆ ಹೋಗಿ ನಿಂತಳು.

"ಚುಂಗ ತೆಗೀರಿ. ಹಿಂದ ಏನೈತಿ, ನಾನೂ ನೋಡತೇನಿ."

ಕಾಕಾ ತೆಗೆದ. ಕಣ್ಣಲ್ಲಿ ನೀರಿತ್ತು, ಆದರೆ ಅವನು ನಗುತ್ತಿದ್ದ. ಆ ಬಾಯಲ್ಲಿ ಒಂದೂ ದವಡೆ ಹಲ್ಲು ಇರಲಿಲ್ಲ! ನಮಗಿಂತ ಮೊದಲು ತಾನೇ ತಿಕ್ಕಿ ನೋಡಿದ ಪುಡಿಗಳಿಗೆ ಹೋದವೋ, ಯಾವುದಕ್ಕೆ ಹೋದವೋ. ಚಿಗವ್ವ ಹೋದಂದಿನಿಂದ ಅವನು ನಕ್ಕಿರಲೇ ಇಲ್ಲ, ನಮಗೆ ಹೇಗೆ ಗೊತ್ತಾಗಬೇಕು?