ಖಾನಾಪುರಕ್ಕೆ ನಾಲ್ಕು ಗಂಟೆಯ ಲಾರಿ

ಕೆಲವರು ಗಡಿಬಿಡಿಯಲ್ಲಿ ಕೆಲಸ ಕೆಡಿಸುತ್ತಾರೆ, ಕೆಲವರು ಸಿಟ್ಟಿನಲ್ಲಿ. ನಾನು ಕೆಡಿಸುವುದು ಸುಖದಲ್ಲಿ. ಕೈ ಕೆಲಸಕ್ಕೆ ಹತ್ತಿತು, ತಂಪು ಗಾಳಿ ಬೀಸಿತು ಅಂದರೆ ಮನಸ್ಸು ಎದ್ದು ಎತ್ತಲೋ ಹೋಗಿಬಿಡುತ್ತದೆ. ಮಗ್ಗದ ಮೇಲೆ ಕೂತಾಗಲೂ ಹಾಗೇ ಆಗುತ್ತಿತ್ತು. ಸೆರಗು ನೇಯಲು ಕೂತವನು ಮನಸ್ಸಿನಲ್ಲೇ ಗೋವೆಯ ಸಮುದ್ರ ನೋಡಿ ತಿರುಗಿ ಬರುವಷ್ಟರಲ್ಲಿ ಅರ್ಧ ಸೀರೆಯೇ ಸೆರಗಾಗಿರುತ್ತಿತ್ತು. ಹೀಗಾಗಿ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿದ್ದೇ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆಳಗಾವಿ ಶಹಾಪುರದ ನಮ್ಮ ಮನೆಯ ಎರಡು ಕೈಮಗ್ಗ ಮಾರಿ, ಮೂತಿ ಮುಂದೆ ಚಾಚಿದ ಒಂದು ಹಳೆಯ ಲಾರಿ ತಂದಿದ್ದೆ. ಖಾನಾಪುರದಿಂದ ಬೆಳಗಾವಿಗೆ ಹಂಚು ಹೇರುವುದು ನನ್ನ ಹೊಸ ಉದ್ಯೋಗ. ಹೆಂಡತಿಯ ತವರೂ ಖಾನಾಪುರವೇ. ಅವಳ ಹೆರಿಗೆ ಹತ್ತಿರ ಬಂದಾಗ ಅದೇ ಲಾರಿಯಲ್ಲಿ ಕೂರಿಸಿಕೊಂಡು ತವರಿಗೆ ಬಿಡಲು ಹೊರಟಿದ್ದೆ. ದಾರಿಯಲ್ಲಿ ಲಾರಿ ಮೂರು ಕಡೆ ನಿಂತಿತು. ಕಡೆಗೆ ಆಕೆ ಹುಲ್ಲು ಹೇರಿದ ಚಕ್ಕಡಿ ಹತ್ತಿ ತವರು ಸೇರಿದಳು.

ನನ್ನ ಮಾವನವರು ರಿಟೈರಾದ ಸ್ಟೇಷನ್ ಮಾಸ್ತರರು. ಆವತ್ತು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಮಗಳು ಹುಟ್ಟಿ ಐದು ತಿಂಗಳಾದ ಮೇಲೆ ಇಬ್ಬರನ್ನೂ ಕರೆದೊಯ್ಯುತ್ತೇನೆ ಅಂದಾಗ ಬಾಯಿ ತೆರೆದರು.

“ದಸರಾ ದಿವಸ ಸಂಜೀ ನಾಲ್ಕಕ್ಕ ನಿಮ್ಮ ಲಾರಿ ನಮ್ಮ ಬಾಗಲಕ್ಕ ಬರಬೇಕ್ರಿ ಅಳಿಯಂದ್ರ. ತಾನಾಗೇ ಬರಬೇಕು, ಯಾರೂ ನೂಕಿರಬಾರದು. ಟೈಮಿಗೆ ಬಂದ್ರ ಮಗಳನ್ನ, ಮೊಮ್ಮಗಳನ್ನ ನಾನಾ ಹತ್ತಸ್ತೀನಿ. ಇಲ್ಲಾಂದ್ರ ಆ ಲಾರಿ ಮಾರಿ ಮತ್ತ ಮಗ್ಗ ತರ್ರಿ, ಆಮ್ಯಾಲ ಕಳಸೂ ಮಾತು.”

ಬಸ್ಸಿನಲ್ಲಿ ಕರೆದೊಯ್ಯುತ್ತೇನೆ ಅನ್ನಬಹುದಿತ್ತು. ಆದರೆ ಮಗ್ಗ ಮಾರಿದವನಿಗೂ ಒಂದು ಮಾನ ಇರುತ್ತದಲ್ಲ. ಹೂಂ ಅಂದು ಬಂದೆ. ಹೂಂ ಅಂದ ಮೇಲೆ ದಿನ ಎಣಿಸತೊಡಗಿದೆ, ಯಾಕೆಂದರೆ ಹೆಂಡತಿ ಇಲ್ಲದ ಮನೆ ನನಗೆ ಸಾಕುಸಾಕಾಗಿತ್ತು.

ದಸರೆಗೆ ನಾಲ್ಕೇ ದಿನ ಇದ್ದವು. ಹಬ್ಬದ ಮುಂದೆ ಊರಿನ ಎಲ್ಲ ಗ್ಯಾರೇಜುಗಳ ಮುಂದೂ ಗಾಡಿಗಳ ಸಾಲು. ನಮ್ಮ ಖಾಯಂ ಮಿಸ್ತ್ರಿಯವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಹಸಿರು ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದರು. ಅವರು ಕೂತಲ್ಲೇ ಪಾಠ ಹೇಳಿದರು.

“ಏನ್ ದೊಡ್ಡ ಕೆಲಸ ಇಲ್ಲ ಭಾಯ್. ಇಂಜಿನ್ ಎಣ್ಣಿ ಬದ್ಲಿ ಮಾಡ್ರಿ. ಎಲ್ಲಾ ನಿಪ್ಪಲಿಗಿ ಗ್ರೀಸ್ ಹೊಡೀರಿ. ಮುಂದಿನ ಎರಡು ಗಾಲಿ ಬಿಚ್ಚಿ ಬೇರಿಂಗಿಗೆ ಗ್ರೀಸ್ ತುಂಬ್ರಿ. ಮನೀ ಮುಂದ ನೀವಾ ಮಾಡಬಹುದು. ನನ್ನ ಕಣ್ಣಿಗಂತೂ ಪಟ್ಟಿ ಐತಿ, ನೀವ್ ನಿಮ್ಮ ಕಣ್ಣ ತೆರದ ಇಟ್ರ ಸಾಕು.”

ಅವರು ಹೇಳಿದ್ದರಲ್ಲಿ ನನ್ನಿಂದ ಆಗದೇ ಹೋದದ್ದು ಅದೊಂದೇ.

೧. ಎಣ್ಣೆ

ಮಿಸ್ತ್ರಿ ಹೇಳಿದಂತೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿದೆ. ನೂಲಿಗೆ ಬಣ್ಣ ಹಾಕುವ ಹಳೆಯ ಪಾತ್ರೆಯೊಂದನ್ನು ಕೆಳಗಿಟ್ಟು, ಗೋಣಿಚೀಲ ಹಾಸಿಕೊಂಡು ಲಾರಿಯ ಅಡಿಗೆ ತೂರಿ, ಕೆಳಗಿನ ನಟ್ಟು ಬಿಚ್ಚಿದೆ. ಎಣ್ಣೆ ಕರ್ರಗೆ, ನುಣ್ಣಗೆ, ಸದ್ದಿಲ್ಲದೆ ಇಳಿಯತೊಡಗಿತು.

ಲಾರಿಯ ಅಡಿ ಎಂಥ ತಂಪು ಅನ್ನುವುದು ನನಗೆ ಅದುವರೆಗೂ ಗೊತ್ತಿರಲಿಲ್ಲ. ಹೊರಗೆ ಓಣಿಯ ಮಗ್ಗಗಳ ಲಟಪಟ. ಇಳಿಯುವ ಎಣ್ಣೆಯನ್ನೇ ನೋಡುತ್ತ ಮಲಗಿದ್ದೆ. ಮಗಳು ದೊಡ್ಡವಳಾಗಿ, ಎರಡು ಜಡೆ ಹಾಕಿಕೊಂಡು ಲಾರಿಯಲ್ಲಿ ನನ್ನ ಬಾಜೂಕ್ಕೆ ಕೂತಿದ್ದಳು. ಇಬ್ಬರೂ ಮಳೆಯಲ್ಲಿ ಘಟ್ಟ ಇಳಿಯುತ್ತಿದ್ದೆವು. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ ಮಳೆ ಹಿಡಿಯುತ್ತಿದ್ದಳು. ಎಲ್ಲಿಯೋ ದೂರದಲ್ಲಿ ಯಾರೋ ಕೂಗಿದರು.

“ಹಾಸು ಎತ್ರೋ! ಹಾಸು ಎತ್ರೋ!”

ಕಣ್ಣು ಬಿಟ್ಟೆ. ಪಾತ್ರೆ ಯಾವಾಗಲೋ ತುಂಬಿ ಹೊರಗೆ ಹರಿದಿತ್ತು. ನಮ್ಮ ಓಣಿ ಇಳಿಜಾರು. ಇಳಿಜಾರಿನ ಕೆಳಗೆ ನೆರೆಮನೆಯ ಹಿರಿಯರು ಸೀರೆಯ ಹಾಸು ಎಳೆದಿದ್ದರು. ಅಂದರೆ ಮಗ್ಗಕ್ಕೆ ಏರಿಸುವ ಸಾವಿರಾರು ಎಳೆಗಳನ್ನು ಓಣಿಯುದ್ದಕ್ಕೂ ಕೋಲುಗಳ ಮೇಲೆ ಬಿಗಿದು ನಿಲ್ಲಿಸಿದ್ದರು. ಎಣ್ಣೆ ನಿಧಾನವಾಗಿ ಅದರ ಕಡೆಗೇ ಹೊರಟಿತ್ತು. ಒಲೆ ಮುಂದಿದ್ದವರು, ಜಳಕಕ್ಕೆ ಹೊರಟವರು, ಸಂತೆಗೆ ಹೊರಟಿದ್ದ ಒಬ್ಬ ಅತಿಥಿ, ಎಲ್ಲರೂ ಓಡಿ ಬಂದು ಆ ಬಿಳಿಯ ಹಾಸನ್ನು ತಲೆಯ ಮೇಲೆ ಎತ್ತಿ ಹಿಡಿದು, ಎಳೆ ಸಡಿಲಾಗದಂತೆ ಸಮ ಹೆಜ್ಜೆ ಹಾಕುತ್ತ ಓಣಿಯ ಮೇಲಕ್ಕೆ ನಡೆದರು. ನೋಡಲು ಬಹಳ ಚಂದವಿತ್ತು. ಚಂದವಿದೆ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅಷ್ಟೆ.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಲಾರಿಯ ಅಡಿಯಿಂದ ಎದ್ದು ಕೈಮುಗಿದೆ. ಹಿರಿಯರು ಹಾಸಿನ ಕೆಳಗಿಂದಲೇ ಇಣುಕಿ ನೋಡಿದರು.

“ಗಿರಾಕಿ ಬಿಳೀ ಮೈ, ಕೆಂಪ ದಡಿ ಸೀರಿ ಬೇಕಂತ ಹೇಳ್ಯಾನಪಾ. ಕರೀ ದಡಿ ಬೇಕಂತ ಯಾರರ ಬಂದ್ರ ನಿನಗ ಹೇಳಿ ಕಳಸ್ತೀನಂತ.”

೨. ನೂಲು

ಹೊಸ ಎಣ್ಣೆ ತುಂಬಿದ ಮರುದಿನ ಗ್ರೀಸಿನ ಕೆಲಸ. ಲಾರಿಯ ಅಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಸಣ್ಣ ಸಣ್ಣ ನಿಪ್ಪಲುಗಳಿರುತ್ತವೆ. ಪಿಚಕಾರಿಯಂಥ ಗನ್ನು ಹಚ್ಚಿ, ಹಳೆಯ ಗ್ರೀಸು ಹೊರಬರುವ ತನಕ ಹೊಸದನ್ನು ಒತ್ತಬೇಕು. ಐದಾರು ಮುಗಿಸುವಷ್ಟರಲ್ಲಿ ನನ್ನ ಮನಸ್ಸು ಖಾನಾಪುರಕ್ಕೆ ಹೋಗಿ ಬಂದಿತ್ತು. ಯಾವುದಕ್ಕೆ ಹೊಡೆದೆ, ಯಾವುದಕ್ಕಿಲ್ಲ ಅನ್ನುವುದು ಮರೆತುಹೋಯಿತು.

ಎಷ್ಟಾದರೂ ನೇಕಾರನ ಮಗ. ಗುರುತಿಗೆ ನೂಲು ಕಟ್ಟುವುದು ನಮಗೆ ರೂಢಿ. ಮನೆಯೊಳಗಿಂದ ಕೆಂಪು ನೂಲು ತಂದು, ಗ್ರೀಸು ಹೊಡೆದ ಪ್ರತಿಯೊಂದರ ಹತ್ತಿರವೂ ಒಂದು ಎಳೆ ಕಟ್ಟುತ್ತ ಹೋದೆ. ಈ ಉಪಾಯ ಯಾವ ಗ್ಯಾರೇಜಿನವರಿಗೂ ಹೊಳೆದಿಲ್ಲವಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅರ್ಧ ಮುಗಿಸಿ ಊಟಕ್ಕೆ ಹೋಗಿ, ಊಟದ ಬೆನ್ನಿಗೆ ಒಂದು ನಿದ್ದೆ ತೆಗೆದು ಬಂದೆ.

ಬಂದು ನೋಡಿದರೆ ಇಡೀ ಲಾರಿಗೆ ನೂಲು. ನಿಪ್ಪಲುಗಳಿಗಷ್ಟೇ ಅಲ್ಲ, ಕನ್ನಡಿಗೆ, ಬಾಗಿಲ ಹಿಡಿಕೆಗೆ, ಬಂಪರಿಗೆ, ಹಿಂದಿನ ಪಟ್ಟಿಗೆ. ಕೆಲವಕ್ಕೆ ಅರಿಷಿಣ ಬೇರೆ ಹಚ್ಚಿತ್ತು. ಎದುರು ಮನೆಯ ಕಾಕು ಹಿಂದಿನ ಗಾಲಿಯ ಹತ್ತಿರ ಕೂತು ಗಂಟು ಹಾಕುತ್ತಿದ್ದರು.

“ಏನ್ ಮಾಡಾಕ ಹತ್ತೀರಿ ಕಾಕೂ?”

“ಎರಡ ದಿವಸಾತು ನೀ ನೆಲಕ್ಕ ಬಿದ್ದು ಸೇವಾ ಮಾಡಾಕ ಹತ್ತೀದಿ. ಗುಡಿ ಮೆಟ್ಟಲಾ ಹತ್ತದಾಂವ ಇಷ್ಟ ದೊಡ್ಡ ಹರಕಿ ಹೊತ್ತಾನಂದ್ರ ಸುಮ್ಮ ಅಲ್ಲ. ನೀ ಹೆಂಡ್ತಿ ಬರಲಿ ಅಂತ ಕಟ್ಟೀದಿ, ನಾ ಮಗಳ ಲಗ್ನಾ ಕೂಡಲಿ ಅಂತ ಕಟ್ಟೀನಿ. ಬಿಚ್ಚಿದಿ ಅಂದ್ರ ನೋಡ ಮತ್ತ!”

ಹೆಂಡತಿಗಾಗಿ ಅನ್ನುವುದು ಸುಳ್ಳೇನೂ ಆಗಿರಲಿಲ್ಲ. ಒಂದು ಎಳೆಯನ್ನೂ ಬಿಚ್ಚದೆ, ನೂಲಿನ ಸಂದಿಯಲ್ಲಿ ಗನ್ನು ತೂರಿಸುತ್ತ ಮೊದಲಿನಿಂದ ಎಲ್ಲಕ್ಕೂ ಗ್ರೀಸು ಹೊಡೆದೆ. ಸಂಜೆ ಹೊತ್ತಿಗೆ ಕಾಕುವಿನ ಮನೆಗೆ ಗಂಡಿನ ಕಡೆಯವರಿಂದ ಒಪ್ಪಿಗೆಯ ಸುದ್ದಿ ಬಂತು. ಆಕೆ ತೆಂಗಿನಕಾಯಿ ತಂದು ಲಾರಿಗೆ ಒಡೆದು, ಕೂಡಿದ್ದ ಹೆಣ್ಣುಮಕ್ಕಳಿಗೆ ದಾರಿ ತೋರಿಸಿದರು.

“ಮುಂದ ಕಟ್ಟಬ್ಯಾಡ್ರೆವಾ. ಬಲಗಡೆ ಹಿಂದಿನ ಗಾಲಿ ಭಾಳ ಜಾಗೃತ ಐತಿ.”

೩. ಪೂಜೆಗೆ ಕೂತ ಪಾನಾ

ಖಂಡೇನವಮಿಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಮುಂದಿನ ಎರಡೂ ಗಾಲಿ ಬಿಚ್ಚಿ, ಬೇರಿಂಗಿಗೆ ಗ್ರೀಸು ತುಂಬಿ ತಿರುಗಿ ಏರಿಸಿದೆ. ನಟ್ಟುಗಳನ್ನು ಸದ್ಯಕ್ಕೆ ಕೈಯಿಂದಲೇ ತಿರುಗಿಸಿ, ಪಾನಾ ಹಾಕಿ ಬಿಗಿಯುವ ಮೊದಲು ಕಟ್ಟೆಯ ಮೇಲೆ ಒಂದು ಗಳಿಗೆ ಕೂತೆ. ಬಿಸಿಲು ಹಿತವಾಗಿತ್ತು. ಒಂದು ಗಳಿಗೆ ಎಷ್ಟಾಯಿತೋ ಗೊತ್ತಿಲ್ಲ. ಎದ್ದಾಗ ಒಂದು ಪಾನಾ ಕೂಡ ಅಲ್ಲಿ ಇರಲಿಲ್ಲ.

ಒಳಗೆ ಹೋದರೆ ಅವ್ವ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ಲಾಳಿ, ಕತ್ತರಿ, ಈಳಿಗೆಯ ಜೊತೆಗೆ ಸಾಲಾಗಿ ಮಣೆಯ ಮೇಲೆ ಕೂರಿಸಿದ್ದಳು. ಪ್ರತಿಯೊಂದಕ್ಕೂ ವಿಭೂತಿ, ಮೇಲೊಂದು ಚೆಂಡುಹೂವು.

“ಅವ್ವಾ, ಗಾಲಿ ನಟ್ಟ ಬಿಗಿಯೂದು ಐತಿ!”

“ನಾಳಿ ಸಂಜಿಗಿ ಬನ್ನಿ ಮುಡಿಯೂತನಕಾ ಮುಟ್ಟಾಂಗಿಲ್ಲ. ನಿಮ್ಮಪ್ಪ ಇದ್ದಾಗ ಒಂದ ಲಾಳಿನೂ ಮುಟ್ಟತಿದ್ದಿಲ್ಲ.”

“ನಾಳಿ ನಾಲ್ಕಕ್ಕ ನಾ ಖಾನಾಪುರದಾಗ ಇರಬೇಕು. ನಿನ್ನ ಸೊಸಿ, ಮೊಮ್ಮಗಳು ಬರೂದು ಬ್ಯಾಡೇನು?”

ಅವ್ವನ ಕಣ್ಣು ತುಂಬಿ ಬಂದವು, ಕೈ ಮಾತ್ರ ಪಾನಾದ ಹತ್ತಿರ ಹೋಗಲಿಲ್ಲ. ನಾನು ಎರಡು ಓಣಿ ಆಚೆ ಮಿಸ್ತ್ರಿಯವರ ಮನೆಗೆ ಓಡಿದೆ. ಮಿಸ್ತ್ರಿಯವರ ಹೆಂಡತಿ, ನಾವೆಲ್ಲ ಬೀಬಿ ಅನ್ನುವವರು, ಬಾಗಿಲಿಗೆ ಅಡ್ಡ ಇಡುತ್ತಿದ್ದ ಭಾರಿ ಪಾನಾ ಎತ್ತಿ ಕೊಟ್ಟು, “ನಮ್ಮದು ಪೂಜಾಕ್ಕ ಕುಂತಿಲ್ಲ ಭಾಯ್, ಒಯ್ರಿ,” ಅಂದರು. ಹೊತ್ತು ತಂದು ಕಟ್ಟೆಯ ಮೇಲಿಟ್ಟು, ನೀರು ಕುಡಿಯಲು ಒಳಗೆ ಹೋಗಿ ಹೊರಗೆ ಬಂದೆ. ಕಟ್ಟೆ ಖಾಲಿ. ಬೀಬಿಯವರ ಪಾನಾ ಮಣೆಯ ಮೇಲೆ, ಎಲ್ಲಕ್ಕಿಂತ ದೊಡ್ಡ ಹೂವು ಮುಡಿದು ಕೂತಿತ್ತು.

“ಮಂದೀ ಪಾನಾ ಅಂತ ಹಂಗಾ ಬಿಡಾಕ ಬರತೈತೇನು? ಏನಂದಾರು ಅವರು?” ಅಂದಳು ಅವ್ವ.

ಅವತ್ತು ನನಗೆ ಹಗಲುಗನಸೂ ಬೀಳಲಿಲ್ಲ. ದಸರೆಯ ಬೆಳಿಗ್ಗೆ ಬೀಬಿಯವರೇ ಬಂದರು. ಪಾನಾ ಇಲ್ಲದೆ ಬಾಗಿಲು ನಿಲ್ಲುತ್ತಿರಲಿಲ್ಲವಂತೆ. ಅವ್ವ ಸ್ವಲ್ಪ ಯೋಚಿಸಿ, ತಮ್ಮ ಸಾಮಾನು ತಾವು ಒಯ್ದರೆ ಶಿವ ಏನೂ ಅನ್ನುವುದಿಲ್ಲ ಅಂತ ತೀರ್ಪು ಕೊಟ್ಟಳು. ಬೀಬಿ ಹೂವು ಸಮೇತ ಪಾನಾ ಎತ್ತಿಕೊಂಡು ಹೊರಗೆ ಬಂದರು. ನಾನು ಆಸೆಯಿಂದ ಕೈ ಚಾಚಿದೆ.

“ನೀವ್ ಮುಟ್ಟಬ್ಯಾಡ್ರಿ ಭಾಯ್, ಅಮ್ಮಾ ಬೈತಾರ,” ಅಂದವರೇ ಗಾಲಿಯ ನಟ್ಟಿಗೆ ಪಾನಾ ಹಾಕಿ, ಅದರ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತು, ಇಡೀ ಮೈಭಾರ ಬಿಟ್ಟು ಒಂದೊಂದಾಗಿ ಎಲ್ಲ ನಟ್ಟು ಬಿಗಿದರು. ಮೂವತ್ತು ವರ್ಷ ಮಿಸ್ತ್ರಿಯ ಸಂಸಾರ ಮಾಡಿದ ಕೈ, ಅಲ್ಲ, ಕಾಲು. ಬಿಗಿದಾದ ಮೇಲೆ ಬಗ್ಗಿ ನನ್ನ ಗ್ರೀಸಿನ ಕೆಲಸವನ್ನೂ ನೋಡಿ, ಕೆಂಪು ಎಳೆಗಳನ್ನು ಬೆರಳಿಂದ ಸವರಿದರು.

“ನಮ್ಮ ಸಾಹೇಬ್ರು ಇಷ್ಟ ವರ್ಷ ಗ್ರೀಸ್ ಹೊಡದಾರ. ಒಂದ ಗಾಡಿಗಾದ್ರೂ ಇಷ್ಟ ಶೃಂಗಾರ ಮಾಡಿದ್ದು ನೋಡಿಲ್ಲ.”

೪. ಹಸಿರು ಬಾವುಟ

ಮಧ್ಯಾಹ್ನ ಹೊರಟೆ. ಊರು ದಾಟಿದ ಮೇಲೆ ಎರಡೂ ಕಡೆ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು. ಲಾರಿ ಒಮ್ಮೆಯೂ ಕೆಮ್ಮಲಿಲ್ಲ. ನನ್ನ ಕೈಯಿಂದ ಆದ ಕೆಲಸ ನಡೆಯುತ್ತಿದೆ ಅನ್ನುವ ಸಂತೋಷಕ್ಕೆ ಒಬ್ಬನೇ ನಗುತ್ತ, ಎದುರು ಬಂದ ಎತ್ತಿನ ಗಾಡಿಗೂ ನಮಸ್ಕಾರ ಮಾಡುತ್ತ ಖಾನಾಪುರ ಸೇರಿದೆ.

ಮಾವನವರು ಬಾಗಿಲಲ್ಲೇ ಇದ್ದರು. ದೂರದಿಂದಲೇ ಕೈ ಎತ್ತಿ ಲಾರಿ ತಡೆದು, ಗಡಿಯಾರ ಹಿಡಿದುಕೊಂಡು ಓಣಿಯ ಮೂಲೆಗೆ ಬಂದರು.

“ಇಪ್ಪತ್ತ ಮಿನಿಟ ಬಿಫೋರ್ ಬಂದೀರಿ. ಲೇಟಾದ್ರೂ ತಪ್ಪ, ಬಿಫೋರ್ ಆದ್ರೂ ತಪ್ಪ. ಇಲ್ಲೇ ನಿಂದ್ರಿ. ನಾಲ್ಕಕ್ಕ ಹಸರ ಬಾವುಟ ತೋರಸ್ತೀನಿ, ಆಗ ಬರ್ರಿ.”

ಕಿಟಕಿಯಲ್ಲಿ ಹೆಂಡತಿ ಕಂಡಳು. ಮಗಳ ಪುಟ್ಟ ಕೈ ಹಿಡಿದು ನನ್ನತ್ತ ಆಡಿಸಿದಳು. ಇನ್ನು ಇಪ್ಪತ್ತೇ ನಿಮಿಷ ಅಂದುಕೊಂಡು ಸೀಟಿಗೆ ಒರಗಿದೆ. ಮೇಲೆ ಹಲಸಿನ ನೆರಳು, ಮಲಪ್ರಭೆಯ ಕಡೆಯಿಂದ ಗಾಳಿ.

“ಅಳಿಯಂದ್ರ, ಏಳ್ರಿ. ನಾಲ್ಕ ಆತು.”

ದಡಕ್ಕನೆ ಎದ್ದೆ. ಮಾವನವರು ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದಿದ್ದರು. ಸರಿಯಾಗಿ ನಾಲ್ಕು. ಪುಣ್ಯಕ್ಕೆ ಕಣ್ಣಿಗೆ ಕಣ್ಣು ಹತ್ತಿದ್ದು ಅಷ್ಟೇ ಹೊತ್ತು ಅಂತ ನಿಟ್ಟುಸಿರು ಬಿಟ್ಟೆ. ಪಕ್ಕದಲ್ಲಿ ನೋಡಿದರೆ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟಿದ್ದಳು. ಟ್ರಂಕು, ತೊಟ್ಟಿಲು ಎಲ್ಲ ಹಿಂದೆ ಏರಿದ್ದವು. ಮಾವನವರು ನನ್ನ ಕೈಗೆ ಬನ್ನಿ ಕೊಟ್ಟು, “ಬಂಗಾರದಂಗ ಇರೋಣ,” ಅಂದರು. ಬನ್ನಿ ಕೊಡುವುದು ಹೊತ್ತು ಮುಳುಗಿದ ಮೇಲೆ. ನಾಲ್ಕಕ್ಕೇ ಕೊಟ್ಟರಲ್ಲ, ರೈಲ್ವೆಯವರ ಅವಸರ ಅಂದುಕೊಂಡೆ.

ನಡೆದದ್ದೇನು ಅಂತ ಹೆಂಡತಿ ಬಾಯಿಬಿಟ್ಟದ್ದು ಮಾವನವರು ತೀರಿಕೊಂಡ ಮೇಲೆ. ನಾಲ್ಕಕ್ಕೆ ಅವರು ಬಾವುಟ ತೋರಿಸಿದರಂತೆ. ಲಾರಿ ಕದಲಲಿಲ್ಲ. ಸೀಟಿ ಊದಿದರಂತೆ. ಓಣಿಯೆಲ್ಲ ಹೊರಗೆ ಬಂತು, ನಾನು ಏಳಲಿಲ್ಲ. ಸಿಟ್ಟಿನಿಂದ ಲಾರಿಯ ಮೆಟ್ಟಿಲು ಹತ್ತಿ ನೋಡಿದರೆ, ಮೊಣಕೈ ತನಕ, ತಲೆಗೂದಲಿನೊಳಗೂ ಗ್ರೀಸು ಮೆತ್ತಿಕೊಂಡು ನಾನು ಬಾಯಿ ತೆರೆದು ಮಲಗಿದ್ದೆ. ಅವರು ಸುಮ್ಮನೆ ಇಳಿದು, ಕಟ್ಟೆಯ ಮೇಲೆ ಕೂತು, ಯಾರೂ ಎಬ್ಬಿಸದಂತೆ ಎರಡು ತಾಸು ಕಾವಲು ಕಾದರಂತೆ. ಆಮೇಲೆ, ಜೀವಮಾನದಲ್ಲಿ ಒಂದು ನಿಮಿಷವನ್ನೂ ಹಿಂದೆ ಮುಂದೆ ಮಾಡದಿದ್ದ ಆ ಮನುಷ್ಯ, ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿ ನಾಲ್ಕಕ್ಕೆ ತಂದು ನಿಲ್ಲಿಸಿ, ನನ್ನ ಭುಜ ಮುಟ್ಟಿದರಂತೆ.

ನನಗೆ ಆವತ್ತು ಇದೊಂದೂ ಗೊತ್ತಿರಲಿಲ್ಲ. ನಾಲ್ಕಕ್ಕೆ ಸರಿಯಾಗಿ ಬಂದ ಹೆಮ್ಮೆಯಲ್ಲಿ ಎದೆಯುಬ್ಬಿಸಿ ಲಾರಿ ತಿರುಗಿಸಿದೆ. ಊರು ದಾಟುವಷ್ಟರಲ್ಲಿ ದಾರಿಯೇ ಕಾಣದಾಯಿತು.

“ಇದೇನ, ನಾಲ್ಕಕ್ಕ ಕತ್ತಲಾತಲ್ಲ?” ಅಂದೆ.

ಹೆಂಡತಿ ಮಗುವಿನ ಕುಲಾವಿಯನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ಕಡೆ ನೋಡದೆ ಉತ್ತರ ಕೊಟ್ಟಳು.

“ದಸರಾ ಆತಲ್ರಿ. ಇನ್ನ ಹಗಲು ಸಣ್ಣು ಆಗಕೋತ ಹೋಗತಾವು.”

ಅದೂ ಖರೇ ಅನ್ನಿಸಿತು. ಲಾರಿಯ ದೀಪ ಹಾಕಿದೆ.